ಡೊಂಕು ಗೈಡಿನ ಹೊಗೆ

ವರ್ಕ್‌ಶಾಪ್ ಮೇಲಿನ ಮನೆ,
ಭಾನುವಾರ, ಅಕ್ಟೋಬರ್ ೧೨

ಪ್ರೀತಿಯ ಮೊಂಡನಿಗೆ,

ಹೇಗಿದ್ದೀಯ? ಮೈಯಲ್ಲಿ ಹುಷಾರಾಗಿದ್ದೀಯ? ಮಂಡಿ ನೋವು ಇನ್ನೂ ಇದೆಯೇ, ಇಲ್ಲಾ ಹಡಗಿನ ಏಣಿ ಹತ್ತಿ ಇಳಿದು ಅದಕ್ಕೇ ಬೇಸರವಾಗಿ ಬಿಟ್ಟುಹೋಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯ? ಇಷ್ಟಕ್ಕೆ ಉತ್ತರ ಬರೆದರೆ ಸಾಕು, ಮಿಕ್ಕದ್ದನ್ನು ನಾನು ಕೇಳುವುದಿಲ್ಲ. ಎಲ್ಲಿದ್ದೀಯ ಅಂತಲೂ ಕೇಳುವುದಿಲ್ಲ. ಪ್ರಶ್ನೆ ನಾಲಿಗೆಯ ತುದಿಯಲ್ಲೇ ಇದೆ, ಕಚ್ಚಿ ಹಿಡಿದುಕೊಂಡಿದ್ದೇನೆ. ನಿನ್ನ ಅಕ್ಕನಿಗೆ ಅದು ಎಷ್ಟು ಕಷ್ಟದ ಕೆಲಸ ಅಂತ ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಾರದು.

ಈ ಪತ್ರವನ್ನೂ ಆ ಬಂದರಿನ ನಾವಿಕರ ವಸತಿಗೃಹಕ್ಕೇ ಕಳಿಸುತ್ತಿದ್ದೇನೆ. ನನ್ನ ಹತ್ತಿರ ಇರುವುದು ಅದೊಂದೇ ವಿಳಾಸ. ಹೋದ ಸಲದ್ದು, ಇಂಥವರು ಇಲ್ಲಿಲ್ಲ ಅಂತ ಮುದ್ರೆ ಹೊಡೆಸಿಕೊಂಡು ವಾಪಸ್ ಬಂತು. ಇದೂ ಬರಬಹುದು. ಹಡಗಿನ ಕಂಪನಿಯವರು ತಿಳಿಸಿದ್ದು ಇಷ್ಟೇ: ಅಲ್ಲಿ ಸರಕು ಇಳಿಸುವಾಗ ನೀನೂ ಇಳಿದೆ, ಹಡಗು ಹೊರಡುವಾಗ ಹತ್ತಲಿಲ್ಲ. ಬಟ್ಟೆಯ ಚೀಲ ತೆಗೆದುಕೊಂಡೇ ಇಳಿದೆಯಂತೆ. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಇಷ್ಟು ದಿನ ತಳ್ಳಿದ್ದೇನೆ. ಸಾಯಲು ಹೋಗುವವನು ಚೀಲ ಹೊತ್ತುಕೊಂಡು ಹೋಗುತ್ತಾನೆಯೇ, ನೀನೇ ಹೇಳು. ಆಮೇಲೆ ಮತ್ತೆ ಯೋಚನೆ ಬರುತ್ತದೆ, ಚೀಲ ಹೊತ್ತುಕೊಂಡು ಹೋದವನು ಒಂದು ಸಾಲು ಬರೆಯಬಾರದೇ ಅಂತ. ಹೀಗೆ ಒಂದರಿಂದ ಇನ್ನೊಂದಕ್ಕೆ ತೂಗಾಡಿ ತಲೆ ಕೆಟ್ಟುಹೋಗಿದೆ. ಅಪ್ಪನಿಗೆ ಇದು ಯಾವುದನ್ನೂ ಹೇಳಿಲ್ಲ. ಹೇಳುವುದೂ ಇಲ್ಲ.

ಇನ್ನು ಅಪ್ಪನ ಸುದ್ದಿ. ನೀನು ಹೊರಡುವಾಗ ಒಂದು ಕಣ್ಣು ಅಷ್ಟಿಷ್ಟು ಕಾಣುತ್ತಿತ್ತಲ್ಲ, ಅದೂ ಹೋಯಿತು. ಸಕ್ಕರೆ ಕಾಯಿಲೆ ಮೊದಲು ಬಾಯಿಯ ಸಿಹಿ ಕಿತ್ತುಕೊಂಡಿತು, ಈಗ ಕಣ್ಣನ್ನು ಕಿತ್ತುಕೊಂಡಿದೆ. ಕಿವಿಯ ವಿಷಯ ನಿನಗೆ ಗೊತ್ತೇ ಇದೆ; ಆಯುಷ್ಯವೆಲ್ಲ ಸೈಲೆನ್ಸರ್ ಬಿಚ್ಚಿದ ಇಂಜಿನ್‌ಗಳ ಪಕ್ಕ ನಿಂತವರಿಗೆ ಕಿವಿ ಎಲ್ಲಿಂದ ಉಳಿಯಬೇಕು. ನಾನು ಕೂಗಿದ್ದು ಬೀದಿಗೆಲ್ಲ ಪೂರ್ತಿ ಕೇಳಿಸುತ್ತದೆ, ಅವರಿಗೆ ಅರ್ಧ. ನೆನಪು ಹಲ್ಲು ಸವೆದ ಗೇರಿನ ಹಾಗೆ ಹಾರಿಹಾರಿ ಬೀಳುತ್ತದೆ. ಬೆಳಿಗ್ಗೆ ಆಡಿದ್ದು ಮಧ್ಯಾಹ್ನಕ್ಕೆ ಇಲ್ಲ. ನೀನು ಹಡಗಿಗೆ ಹೋಗಿದ್ದೀಯ ಅಂತ ಒಂದು ದಿನ ಗೊತ್ತಿರುತ್ತದೆ, ಇನ್ನೊಂದು ದಿನ ಗೊತ್ತಿರುವುದಿಲ್ಲ. ಮೂಗು ಮಾತ್ರ ಹೊಸದರಂತಿದೆ ನೋಡು. ಬೀದಿಯ ಕಡೆಯ ಕಿಟಕಿಯಲ್ಲಿ ಕೂತು, ಕೆಳಗೆ ಹೋದ ಗಾಡಿಯ ಹೊಗೆ ಮೂಸಿ, "ಇದಕ್ಕೆ ಪಿಸ್ಟನ್ ರಿಂಗ್ ಹೋಗಿದೆ," "ಇವನು ಪೆಟ್ರೋಲ್ ಜಾಸ್ತಿ ಕುಡಿಸ್ತಿದಾನೆ" ಅನ್ನುತ್ತಾರೆ. ಒಮ್ಮೆ ಪರೀಕ್ಷೆ ಮಾಡೋಣ ಅಂತ ಕೆಳಗೆ ಓಡಿಹೋಗಿ ಗಾಡಿಯವನನ್ನು ನಿಲ್ಲಿಸಿ ಕೇಳಿದೆ. ರಿಂಗ್ ಹಾಕಿಸಲಿಕ್ಕೇ ನಮ್ಮ ಅಂಗಡಿ ಹುಡುಕುತ್ತಾ ಬಂದಿದ್ದನಂತೆ.

ನಮ್ಮ ಮನೆಯ ಕಾನೂನು ನಿನಗೆ ನೆನಪಿರಬೇಕು. ಎಲ್ಲರೂ ಮನೆ ಸೇರದೆ ತಟ್ಟೆ ಹಾಕುವ ಹಾಗಿಲ್ಲ. ಅಮ್ಮ ಮಾಡಿದ ಕಾನೂನು. ಅಮ್ಮ ಹೋದಳು, ಕಾನೂನು ಹೋಗಲಿಲ್ಲ. ನೀನು ಸಿನಿಮಾ, ಸ್ನೇಹಿತರು ಅಂತ ಊರು ಸುತ್ತಿ ಬರುವ ತನಕ ನಾನೂ ಅಪ್ಪನೂ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಕೂತಿರುತ್ತಿದ್ದೆವು. ಅಪ್ಪ ನಿನ್ನನ್ನು ಬೈದದ್ದು ಒಮ್ಮೆಯೂ ಇಲ್ಲ, ಬೈಗುಳದ ಇಲಾಖೆ ನನ್ನದಾಗಿತ್ತು. ಬೀದಿಯ ಇಳಿಜಾರಿನಲ್ಲಿ ಬೈಕಿನ ಆಕ್ಸಿಲರೇಟರ್ ಮುಚ್ಚಿಕೊಂಡು ಜಾರುತ್ತಾ ಬಂದು, ಬಾಗಿಲ ಬಳಿ ನಿಲ್ಲಿಸುವ ಮುಂಚೆ ನೀನು ಒಮ್ಮೆ ಗುರ್ ಅನ್ನಿಸುತ್ತಿದ್ದೆಯಲ್ಲ, ಆಗ ಸೈಲೆನ್ಸರಿನಿಂದ ಒಂದು ಗುಕ್ಕು ನೀಲಿ ಹೊಗೆ ಎದ್ದು ನೇರ ಕಿಟಕಿಗೆ ಬರುತ್ತಿತ್ತು. ಅಪ್ಪನ ಮುಖ ಸಡಿಲವಾಗುತ್ತಿತ್ತು. "ಬಂದ. ತಟ್ಟೆ ಹಾಕು" ಅನ್ನುತ್ತಿದ್ದರು. ಆಮೇಲೆ ನೀವಿಬ್ಬರೂ ಒಂದು ಮಾತೂ ಆಡದೆ ಉಂಡು ಏಳುತ್ತಿದ್ದಿರಿ. ನಾನೊಬ್ಬಳೇ ಇಬ್ಬರ ಪಾಲಿನದನ್ನೂ ಆಡುತ್ತಿದ್ದೆ.

ಕಂಪನಿಯವರ ಸುದ್ದಿ ಬಂದ ವಾರ ನನಗೆ ಎಲ್ಲೂ ನಿಲ್ಲಲಾಗಲಿಲ್ಲ. ನಿಂತ ಗಾಡಿ ಕೆಡುತ್ತದೆ ಅಂತ ನೆಪ ಮಾಡಿಕೊಂಡು ನಿನ್ನ ಗಾಡಿ ತೆಗೆದೆ. ಸುಮ್ಮನೆ ಒಂದು ಸುತ್ತು ಹೊಡೆದು ಇಳಿಜಾರಿನಲ್ಲಿ ಬಂದೆ, ಬಾಗಿಲ ಬಳಿ ಕೈ ತಾನಾಗಿಯೇ ಗುರ್ ಅನ್ನಿಸಿತು. ಮೇಲೆ ಹತ್ತಿ ಬಂದರೆ ಅಪ್ಪ ಎದ್ದು ನಿಂತಿದ್ದಾರೆ. ಗೋಡೆ ಸವರಿಕೊಂಡು ತಮ್ಮ ಜಾಗ ಹುಡುಕುತ್ತಿದ್ದಾರೆ. "ಮೊಂಡ ಬಂದ. ತಟ್ಟೆ ಹಾಕು." ಅದಕ್ಕೆ ಮುಂಚೆ ಒಂದು ವಾರದಿಂದ ಎರಡು ತುತ್ತು ತಿಂದು ಕೈ ತೊಳೆಯುತ್ತಿದ್ದವರು ಅವರು. ನಾನು ಏನು ಹೇಳಲಿ? ಮೂರು ತಟ್ಟೆ ಹಾಕಿದೆ. ಅಪ್ಪ ಪೂರ್ತಿ ಉಂಡರು, ಮಾತ್ರೆ ನುಂಗಿದರು, ಮಲಗಿದರು. ಬೆಳಿಗ್ಗೆ ನಿನ್ನನ್ನು ಕೇಳಲೂ ಇಲ್ಲ. ಸಂಜೆಯಾಯಿತು ನೋಡು, ಮತ್ತೆ ಕಿಟಕಿ.

ಹೀಗೆ ಶುರುವಾದದ್ದು ದಿನದ ಕೆಲಸವಾಯಿತು. ಸಂಜೆ ಅಂಗಡಿಯ ಬಾಗಿಲು ಎಳೆದು, ಗಾಡಿಯನ್ನು ಬೀದಿಯ ಮೇಲ್ತುದಿಗೆ ತಳ್ಳಿಕೊಂಡು ಹೋಗಿ, ಕಿಕ್ ಹೊಡೆದು, ಜಾರಿ ಬಂದು, ಒಂದು ಗುಕ್ಕು ಬಿಟ್ಟು ಮೇಲೆ ಹತ್ತುವುದು. ಮೂರು ತಟ್ಟೆ. ನಿನ್ನ ಪಾಲಿನದನ್ನೂ ನಾನೇ ತಿಂದು ತಿಂದು ದಪ್ಪಗಾಗಿದ್ದೇನೆ, ಬಂದಾಗ ನೋಡಿ ನಗಬೇಡ. ಎದುರುಗಡೆಯ ಟೈಲರಮ್ಮ ಬಿಳಿ ಬಟ್ಟೆಯನ್ನು ತನ್ನ ಕಂಬಿಗೆ ನೇತುಹಾಕಿರುತ್ತಾಳಲ್ಲ, ಅದರ ಮೇಲೆಲ್ಲ ಮಸಿ. "ನಿಮ್ಮ ತಮ್ಮ ಹೋದ್ರೂ ಅವನ ಹೊಗೆ ಹೋಗಲಿಲ್ಲವಲ್ಲ ತಾಯಿ" ಅಂತ ಕೂಗಾಡಿದಳು. ಅವಳ ಬಟ್ಟೆ ಒಗೆದುಕೊಟ್ಟೆ. ಮಾಡುತ್ತಿರುವುದು ಮೋಸ ಅಂತ ನನಗೆ ಗೊತ್ತು. ಕುರುಡ ಅಪ್ಪನಿಗೆ ಹೊಗೆ ತೋರಿಸಿ ಮಗ ಅನ್ನುವುದು. ಆದರೆ ಅವರು ಉಣ್ಣುತ್ತಿದ್ದರು ಕಣೋ. ಮೈ ಹತ್ತುತ್ತಿತ್ತು.

ಈಗ ಬರುತ್ತದೆ ನನ್ನ ಬುದ್ಧಿಗೇಡಿತನದ ಕಥೆ. ಗಾಡಿ ದಿನೇದಿನೇ ಎಣ್ಣೆ ಜಾಸ್ತಿ ಕುಡಿಯತೊಡಗಿತು. ನಾನು ಸುರಿಯುವುದು, ಅದು ಕುಡಿಯುವುದು. ಒಂದು ಸಂಜೆ ಪ್ಲಗ್ ಎಣ್ಣೆಯಲ್ಲಿ ಮುಳುಗಿ ಕಿಡಿಯೇ ಹಾರಲಿಲ್ಲ. ಬೀದಿಯ ಮೇಲ್ತುದಿಯಲ್ಲಿ ನಿಂತು ಕಿಕ್ ಹೊಡೆದೂ ಹೊಡೆದೂ ಕಾಲು ಬಿದ್ದುಹೋಯಿತು. ಪ್ಲಗ್ ಒರೆಸಿ, ಹಾಕಿ, ಮತ್ತೆ ಒರೆಸಿ, ಅಂತೂ ಹೊತ್ತಿಸಿಕೊಂಡು ಬರುವಷ್ಟರಲ್ಲಿ ಅಪ್ಪ ಕಿಟಕಿಯ ಕಂಬಿ ಹಿಡಿದು ನಿಂತಿದ್ದರು. "ಇವತ್ತು ಯಾಕೆ ತಡ? ಬಿದ್ದುಗಿದ್ದನಾ?" ಅಂತ ಕೇಳಿದರು. ಒಂದು ದಿನ ಗಾಡಿ ಹೊತ್ತಿಕೊಳ್ಳದೇ ಹೋದರೆ ಏನು ಗತಿ ಅಂತ ನನಗೆ ಭಯ ಹುಟ್ಟಿತು. ಇಂಜಿನ್ ಬಿಚ್ಚಿಬಿಡೋಣ, ಸರಿ ಮಾಡೋಣ ಅಂದುಕೊಂಡೆ. ಸರಿ ಮಾಡಿದರೆ ಏನಾಗುತ್ತದೆ ಅಂತ ಯೋಚನೆ ಮಾಡುವ ತಲೆ ಇದ್ದಿದ್ದರೆ ನಾನು ಯಾಕೆ ಹೀಗಿರುತ್ತಿದ್ದೆ.

ಬಿಚ್ಚಿದ ಮೇಲೆ ಕೆಲಸದ ಅಮಲು ಏರುತ್ತದೆ ನೋಡು, ಅದು ನಿನಗೂ ಗೊತ್ತು. ಮೊದಲು ರಿಂಗ್ ಮೇಲೆ ಅನುಮಾನ ಪಟ್ಟು ಪರೀಕ್ಷೆ ಮಾಡಿದ್ದೆ, ಅದು ಗಟ್ಟಿಯಾಗಿತ್ತು. ಇಂಜಿನ್ನಿನ ತಲೆಯ ಭಾಗ, ಹೆಡ್ ಎತ್ತಿ ನೋಡಿದರೆ, ಹೊಗೆ ಹೊರಗೆ ಹೋಗುವ ವಾಲ್ವ್ ಒಣಗಿ ಬೆಳ್ಳಗಿದೆ. ಪೆಟ್ರೋಲ್ ಒಳಗೆ ಬರುವ ವಾಲ್ವ್‌ನ ಬೆನ್ನಿಗೆ ಮಾತ್ರ ಸುಟ್ಟ ಎಣ್ಣೆ ಗೂಡುಗಟ್ಟಿದೆ, ಬೆರಳಿಟ್ಟರೆ ಜಿಗಟು. ವಾಲ್ವ್ ಹಿಡಿದು ಅಲ್ಲಾಡಿಸಿದೆ. ಮುದುಕನ ಹಲ್ಲಿನ ಹಾಗೆ ಅಲ್ಲಾಡಿತು. ಹಡಗಿನಲ್ಲಿ ಮನೆಯಷ್ಟು ದೊಡ್ಡ ಇಂಜಿನ್ ನೋಡಿದವನಿಗೆ ಈ ಸಣ್ಣ ಪುಟ್ಟದ್ದೆಲ್ಲ ಮರೆತಿದ್ದರೆ ನೆನಪಿಸುತ್ತೇನೆ, ಕೇಳು. ಗೈಡ್ ಅಂದರೆ ಒಂದು ಬೆರಳಿನುದ್ದದ ಕೊಳವೆ. ವಾಲ್ವ್‌ನ ಕಡ್ಡಿ ಅದರೊಳಗೆ ಮೇಲೆ ಕೆಳಗೆ ಓಡಾಡಬೇಕು. ಬಿಗಿಯಾದರೆ ಕಚ್ಚಿಕೊಳ್ಳುತ್ತದೆ. ಸಡಿಲವಾದರೆ, ಆಕ್ಸಿಲರೇಟರ್ ಮುಚ್ಚಿದಾಗ ಇಂಜಿನ್ ಮೇಲಿನ ಎಣ್ಣೆಯನ್ನು ಅದರ ಪಕ್ಕದಿಂದ ಹೀರಿಕೊಳ್ಳುತ್ತದೆ, ತೆರೆದ ಕೂಡಲೆ ಸುಟ್ಟು ಹೊರಗೆ ಉಗುಳುತ್ತದೆ. ನಿನ್ನ ನೀಲಿ ಗುಕ್ಕಿನ ಗುಟ್ಟು ಇಷ್ಟೇ.

ಆ ಗೈಡ್ ನಿನ್ನದು, ನೆನಪಿದೆಯೇ? ನೀನು ಜೀವನದಲ್ಲಿ ಮೊದಲು ಕೂರಿಸಿದ ಗೈಡ್. ಆಗ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ ನಿನಗೆ. ತೂತು ಹೆರೆಯುವ ರೀಮರ್ ನೇರವಾಗಿ ನಿಲ್ಲುವ ಹಾಗೆ ಕೆಳಗೆ ಆಧಾರ ಕೊಡು ಅಂತ ನಾನು ಬಡಿದುಕೊಂಡರೂ ಕೇಳದೆ, ಬಲಮೊಣಕೈ ಆಕಾಶಕ್ಕೆತ್ತಿ, ನಾಲಿಗೆಯನ್ನು ತುಟಿಯ ಮೂಲೆಯಲ್ಲಿ ಕಚ್ಚಿಕೊಂಡು, ಬರಿಗೈಯಲ್ಲಿ ತಿರುಗಿಸಿದೆ. ತೂತು ಡೊಂಕಾಯಿತು, ಬಾಯಿ ಅಗಲವಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ನೀನು ರೀಮರ್ ಮೇಲೆ ತಪ್ಪು ಹೊರಿಸಿದೆ. ಅಪ್ಪ ಬೆರಳಿಟ್ಟು ನೋಡಿದರು, ನಕ್ಕರು, "ಓಡುತ್ತೆ ಬಿಡು" ಅಂದರು. ಗಿರಾಕಿಯ ಗಾಡಿಯಲ್ಲಿ ಒಂದು ಕೂದಲಿನಷ್ಟು ವ್ಯತ್ಯಾಸವಾದರೂ ನನ್ನ ಕೈಯಿಂದ ಕಿತ್ತು ಬಿಸಾಡಿಸುತ್ತಿದ್ದ ಮನುಷ್ಯ! ಹೆತ್ತವರಿಗೆ ಹೆಗ್ಗಣ ಮುದ್ದು. ಆವತ್ತಿನಿಂದ ಅದು ಹೊಗೆ ಕಾರುತ್ತಲೇ ಬಂತು, ಅದನ್ನು ಬದಲಾಯಿಸಲು ಅಪ್ಪ ಒಮ್ಮೆಯೂ ಬಿಡಲಿಲ್ಲ. ನನಗೆ ಮಾತ್ರ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಅದು ಕಾಡುತ್ತಲೇ ಇತ್ತು.

ಸಿಕ್ಕಿತಲ್ಲ ಅವಕಾಶ. ಲೇತ್‌ನ ಸೊನ್ನೆ ನೆನಪಿದ್ದಾನೆಯೇ, ಯಾವ ಅಳತೆ ಕೇಳಿದರೂ "ಸೊನ್ನೆ ಸೊನ್ನೆ" ಅಂತಲೇ ಶುರು ಮಾಡುವ ನಮ್ಮ ಟರ್ನರ್? ಅವನ ಹತ್ತಿರ ಹೋಗಿ ಕಂಚಿನಲ್ಲಿ ಹೊಸ ಗೈಡ್ ಮಾಡಿಸಿದೆ. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ಎರಡು ಮಾಡಿಕೊಟ್ಟ. ನಿನ್ನ ಹಳೆಯದನ್ನು ಹೊಡೆದು ತೆಗೆದರೆ ಹೆಡ್‌ನ ತೂತು ಗೀರಿಹೋಗುತ್ತದೆ ಅಂತ ಒಳಗಿನಿಂದ ಕೊರೆದು ತೆಳ್ಳಗೆ ಮಾಡಿ ತೆಗೆದೆ. ಎರಡು ಚೂರಾಗಿ ಬಂತು. ಚೂರುಗಳನ್ನು ಕಸದ ಡಬ್ಬಿಗೆ ಹಾಕಿದೆ. ಏನೂ ಅನ್ನಿಸಲಿಲ್ಲ. ಆಮೇಲೆ ಆ ಡಬ್ಬಿ ತಡಕಿದ್ದೇನೆ ಕಣೋ, ಎರಡು ಸಲ. ಅಷ್ಟರಲ್ಲಿ ಗುಜರಿಯವನು ಒಯ್ದಾಗಿತ್ತು.

ಎಂಥ ಕೆಲಸ ಮಾಡಿದೆ ಅಂತ ನೀನು ನೋಡಬೇಕಿತ್ತು. ಹೆಡ್‌ಗೆ ಎಂಜಲು ಸಿಡಿಸಿದರೆ ಚುರ್ ಅನ್ನುವಷ್ಟು ಬಿಸಿ ಮಾಡಿ, ಗೈಡನ್ನು ಫ್ರಿಜ್ಜಿನ ಐಸಿನಲ್ಲಿಟ್ಟು, ಒಂದೇ ಏಟಿಗೆ ಕೂರಿಸಿದೆ. ಆಧಾರ ಕೊಟ್ಟು ರೀಮರ್ ಇಳಿಸಿದೆ. ಕಡ್ಡಿಗೂ ಗೈಡಿಗೂ ನಡುವೆ ಕೂದಲಿನ ಅರ್ಧದಷ್ಟು ಸಂದು, ಅಷ್ಟೇ. ಹೊಸ ಗೈಡ್ ಹಾಕಿದ ಮೇಲೆ ವಾಲ್ವ್ ಕೂರುವ ಹಳೆಯ ಸೀಟ್ ಅದಕ್ಕೆ ನೇರವಾಗಿರುವುದಿಲ್ಲ, ಸೀಟನ್ನೂ ಹೊಸದಾಗಿ ಕತ್ತರಿಸಿ, ವಾಲ್ವ್ ಉಜ್ಜಿ, ಪೆಟ್ರೋಲ್ ಸುರಿದು ನೋಡಿದೆ. ಒಂದು ತೊಟ್ಟು ಸೋರಲಿಲ್ಲ. ಮೇಲಿನ ಎಣ್ಣೆ ಕೆಳಗಿಳಿಯುವ ದಾರಿಯಲ್ಲಿ ಹಳೆಯ ಗ್ಯಾಸ್ಕೆಟ್‌ನ ಅಂಟು ಗಟ್ಟಿಯಾಗಿ ಕೂತಿತ್ತು, ಎಣ್ಣೆ ಹರಿಯದೆ ಗೈಡಿನ ಸುತ್ತ ಕೊಳದ ಹಾಗೆ ನಿಲ್ಲುತ್ತಿತ್ತು, ಅದನ್ನೂ ಬಿಡಿಸಿದೆ. ಗೈಡಿನ ತಲೆಗೆ ರಬ್ಬರ್ ಸೀಲ್ ಹಾಕಿದೆ. ಒಳಗಿನ ವಾಲ್ವ್‌ಗೆ ಮಾತ್ರ. ಹೊರಗಿನದಕ್ಕೂ ಹಾಕಿ ಕೆಡಿಸಿಕೊಳ್ಳುವವರು ಎಷ್ಟು ಜನ ಇಲ್ಲ! "ಬೆಂಕೀಲಿ ನಿಂತಿರೋದು ಅದು, ಅದಕ್ಕೆ ಒಂದು ತೊಟ್ಟು ಕುಡಿಯೋಕೆ ಬಿಡಬೇಕು" ಅಂತ ಅಪ್ಪ ಹೇಳಿಕೊಟ್ಟದ್ದನ್ನು ನಾನು ಮರೆಯಲಿಲ್ಲ. ಅವರ ಕೈಕೆಳಗೆ ಕಲಿತ ವಿದ್ಯೆಯನ್ನೆಲ್ಲ ಆ ಒಂದು ಹೆಡ್‌ಗೆ ಸುರಿದೆ.

ಈ ಕೆಲಸ ನಡೆಯುವಾಗ ಸಂಜೆಗಳಲ್ಲಿ ಅಪ್ಪನಿಗೆ, "ಮೊಂಡನ ಗಾಡಿ ಕೆಟ್ಟಿದೆ, ನಡೆದುಕೊಂಡು ಬಂದ" ಅಂತ ಕಿವಿಯಲ್ಲಿ ಕೂಗಿದೆ. ಅರೆಮನಸ್ಸಿನಿಂದ ನಂಬಿದರು, ಅರೆಹೊಟ್ಟೆ ಉಂಡರು. ಗಾಡಿ ಜೋಡಿಸಿದ ದಿನ ಇಳಿಜಾರಿನಲ್ಲಿ ಪರೀಕ್ಷೆ ಮಾಡಿದೆ. ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಇಳಿದು, ಕೆಳಗೆ ಬಂದು ಒಮ್ಮೆಲೇ ತೆರೆದೆ. ತಿರುಗಿ ನೋಡಿದೆ. ಏನೂ ಇಲ್ಲ. ಮತ್ತೆ ಹತ್ತಿ ಇಳಿದೆ. ಏನೂ ಇಲ್ಲ. ಖುಷಿಯಲ್ಲಿ ಕೇಕೆ ಹಾಕಿದೆ. ಟೈಲರಮ್ಮ ಹೊಸ್ತಿಲಿಗೆ ಬಂದು, "ಅಬ್ಬಾ, ಇವತ್ತು ನನ್ನ ಬಟ್ಟೆ ಬದುಕಿತು" ಅಂತ ಕೈ ಮುಗಿದಳು. ಅದೇ ಖುಷಿಯಲ್ಲಿ, ಅದೇ ಸಂಜೆ ನಾನು ಬಾಗಿಲ ಬಳಿ ಬಂದು ಗುರ್ ಅನ್ನಿಸಿ, ಮೇಲೆ ಓಡಿದೆ.

ಅಪ್ಪ ಕೂತಲ್ಲೇ ಕೂತಿದ್ದರು. "ಯಾರೋ ಗಿರಾಕಿ ಬಂದಿದಾರೆ, ಕೆಳಗೆ ಹೋಗಿ ನೋಡು" ಅಂದರು.

ಆಗ ನನಗೆ ಗೊತ್ತಾಯಿತು, ನಾನು ಏನು ಮಾಡಿಕೊಂಡೆ ಅಂತ. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಮೇಲೆ ಒಳಗೆ ಹೋಗಿ, "ಮೊಂಡ ಅಪ್ಪಾ, ಮೊಂಡ ಬಂದ" ಅಂತ ಕೂಗಿದೆ. "ಅದು ಅವನ ಗಾಡಿ ಅಲ್ಲ. ಅವನದು ನಿಲ್ಲೋ ಮುಂಚೆ ಒಂದ್ಸಲ ಉಗುಳುತ್ತೆ. ಅವನು ಬರಲಿ, ಆಮೇಲೆ ತಟ್ಟೆ ಹಾಕು." ಅಷ್ಟೇ. ತಟ್ಟೆ ತಂದು ಕೈಗೆ ಮುಟ್ಟಿಸಿದರೆ ಪಕ್ಕಕ್ಕೆ ಸರಿಸಿದರು. ತಿನ್ನಿಸಲು ಹೋದರೆ ತುಟಿ ಬಿಗಿ ಮಾಡಿದರು. ಕುಡಿಸಿದ ಹಾಲೊಂದೇ ಹೊಟ್ಟೆಗೆ ಹೋದದ್ದು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಕಣ್ಣಿಲ್ಲದವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದನ್ನು ನೋಡಿದ್ದೀಯ? ನಾನು ದಿನಾ ನೋಡುತ್ತಿದ್ದೇನೆ.

ಸುಮ್ಮನಿರಲಿಲ್ಲ ಕಣೋ, ತಿಳಿದ ಮೋಸವನ್ನೆಲ್ಲ ಮಾಡಿದೆ. ಸೈಲೆನ್ಸರ್ ಒಳಗೆ ಒಂದು ಚಮಚ ಎಣ್ಣೆ ಸುರಿದು ಗಾಡಿ ಹೊತ್ತಿಸಿದೆ. ಬೀದಿಯೆಲ್ಲ ಹೊಗೆ. ಅಪ್ಪ ಮೂಗು ಮುಚ್ಚಿಕೊಂಡು, "ಯಾವನೋ ಅಯೋಗ್ಯ ಸೈಲೆನ್ಸರ್‌ಗೆ ಎಣ್ಣೆ ಚೆಲ್ಲಿದಾನೆ, ಬೈದು ಕಳಿಸು" ಅಂದರು. ಆ ಅಯೋಗ್ಯೆ ಅವರ ಬೆನ್ನ ಹಿಂದೆಯೇ ನಿಂತಿದ್ದಳು. ಇನ್ನೊಂದು ದಿನ ಕಾರ್ಬುರೇಟರ್ ಕಡೆಯಿಂದ ಎಣ್ಣೆ ಕುಡಿಸಿದೆ. ಕೆಮ್ಮುತ್ತಾ ಕೆಮ್ಮುತ್ತಾ ಬಂತು ಗಾಡಿ, ಬೀದಿಯುದ್ದಕ್ಕೂ ಒಂದೇ ಸಮನೆ ಹೊಗೆ ಬಿಟ್ಟುಕೊಂಡು. "ಇದಕ್ಕೆ ಪಿಸ್ಟನ್ನೇ ಹೋಗಿದೆ, ಪಾಪ" ಅಂದರು. ಅವರಿಗೆ ಬೇಕಾದದ್ದು ಹೊಗೆಯಲ್ಲ. ಇಳಿಜಾರಿನಲ್ಲಿ ಸ್ವಚ್ಛವಾಗಿ ಬಂದು, ಬಾಗಿಲ ಬಳಿ ಒಂದೇ ಒಂದು ಗುಕ್ಕು ಉಗುಳುವ ನಿನ್ನ ಡೊಂಕು ಗೈಡ್. ಅದು ಜಗತ್ತಿನಲ್ಲಿ ಒಂದೇ ಇತ್ತು, ಅದನ್ನು ನಾನು ಕೊರೆದು ಬಿಸಾಡಿದೆ.

ಕೊನೆಗೆ ಸೋತು ಮೊನ್ನೆ ನಿಜ ಹೇಳಿದೆ. ಪೂರ್ತಿಯಲ್ಲ, ಗೈಡಿನಷ್ಟು ಮಾತ್ರ. ಕಿವಿಗೆ ಬಾಯಿಟ್ಟು, "ಗೈಡ್ ಬದಲಾಯಿಸಿದೆ ಅಪ್ಪಾ, ಅದಕ್ಕೇ ಹೊಗೆ ಇಲ್ಲ" ಅಂದೆ. ಕೆಲಸ ಸರಿಯಾಗಿದೆಯಾ, ಸಂದು ಎಷ್ಟು ಬಿಟ್ಟೆ ಅಂತ ಕೇಳುತ್ತಾರೇನೋ ಅಂದುಕೊಂಡೆ. ಅದನ್ನು ಕೇಳಲಿಲ್ಲ. "ಯಾಕಮ್ಮಾ ಬದಲಾಯಿಸಿದೆ? ಇನ್ನು ಅವನು ಬಂದರೆ ನಂಗೆ ಹೇಗೆ ಗೊತ್ತಾಗುತ್ತೆ?" ಅಂದರು. ಅವರು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೆಳಿಗ್ಗೆ ಎದ್ದಾಗ ಅವರಿಗೆ ಅದೂ ಮರೆತಿತ್ತು, ಸಂಜೆ ಮತ್ತೆ ಕಿಟಕಿಗೆ ಹೋಗಿ ಕೂತರು. ಮರೆಯುವ ಭಾಗ್ಯ ಅವರಿಗಿದೆ, ನನಗಿಲ್ಲ.

ಡಾಕ್ಟರ್ ಬಂದು ನೋಡಿಹೋದರು. ಖಾಲಿ ಹೊಟ್ಟೆಗೆ ಸಕ್ಕರೆ ಮಾತ್ರೆ ಕೊಡುವ ಹಾಗಿಲ್ಲ, ಕೊಡದೆ ಇರುವ ಹಾಗೂ ಇಲ್ಲ ಅಂದರು. "ಹೇಗಾದ್ರೂ ತಿನ್ನಿಸಿ, ಇಲ್ಲದಿದ್ರೆ ಜಾಸ್ತಿ ದಿನ ತಡೆಯಲ್ಲ" ಅಂದರು. ಅಪ್ಪನ ಕೈ ಹಿಡಿದರೆ ಮೂಳೆ ಸಿಗುತ್ತದೆ. ಇಂಜಿನ್ನುಗಳನ್ನು ಒಬ್ಬರೇ ಎತ್ತಿಡುತ್ತಿದ್ದ ಕೈ. ನಿನ್ನ ಮೇಲೆ ನನಗೆ ಸಿಟ್ಟು ಬರುತ್ತದೆ, ಬಂದದ್ದು ನಿಲ್ಲುವುದಿಲ್ಲ, ಅಳುವಾಗಿಬಿಡುತ್ತದೆ. ಎಲ್ಲಾದರೂ ಹಾಯಾಗಿ ಕೂತಿದ್ದೀಯೋ, ಯಾವುದಾದರೂ ಆಸ್ಪತ್ರೆಯಲ್ಲಿ ಹೆಸರಿಲ್ಲದೆ ಬಿದ್ದಿದ್ದೀಯೋ, ಇದ್ದೀಯೋ ಇಲ್ಲವೋ. ನೋಡು, ಬರೆದೇಬಿಟ್ಟೆ. ಇದನ್ನು ಹೊಡೆದುಹಾಕುವುದಿಲ್ಲ, ಇರಲಿ. ದಿನಾ ಮನಸ್ಸಿನಲ್ಲಿ ಇದೇ ಇದ್ದ ಮೇಲೆ ಕಾಗದದಲ್ಲಿ ಮುಚ್ಚಿಟ್ಟು ಏನಾಗಬೇಕು.

ಒಳ್ಳೆಯ ಕೆಲಸ ಮಾಡಿದರೆ ಒಳ್ಳೆಯದಾಗುತ್ತದೆ ಅಂತ ಅಂದುಕೊಂಡು ಬದುಕಿದವಳು ನಾನು. ನನ್ನ ಕೈಯಿಂದಾದ ಅತ್ಯಂತ ಒಳ್ಳೆಯ ಕೆಲಸವೇ ಮನೆಯಲ್ಲಿ ಒಲೆ ಆರಿಸಿತು. ಇನ್ನು ಏನು ಬರೆಯಲಿ. ಅಂಗಡಿ ನಡೆಯುತ್ತಿದೆ. ಸೊನ್ನೆ ನಿನ್ನನ್ನು ಕೇಳಿದ. ನಿನ್ನ ಕೋಣೆಯ ಕಿಟಕಿಯ ಚಿಲಕ ಸರಿಮಾಡಿಸಿದ್ದೇನೆ. ಮಂಡಿಗೆ ಬೆಚ್ಚಗೆ ಏನಾದರೂ ಸುತ್ತಿಕೋ. ಈ ಪತ್ರ ಬರೆಯುತ್ತಿರುವುದು ಅಪ್ಪನಿಗೆ ಗೊತ್ತಿದ್ದರೆ ಖಂಡಿತ ಆಶೀರ್ವಾದ ಬರೆಸುತ್ತಿದ್ದರು. ಗೊತ್ತಿಲ್ಲದ ಕಾರಣ ಅವರ ಪಾಲಿನದನ್ನೂ ನಾನೇ ಕಳಿಸುತ್ತಿದ್ದೇನೆ. ಎಲ್ಲಿದ್ದರೂ ತಣ್ಣಗಿರು.

ನಿನ್ನ ಮೇಲೆ ಸಿಟ್ಟಿನಲ್ಲೇ ಇರುವ,
ಅಕ್ಕ

ಅಂಟಿಸುವ ಮುಂಚೆ ಇನ್ನೊಂದು ಮಾತು. ಇವತ್ತು ಸೋಮವಾರ. ನಿನ್ನೆ ಪತ್ರ ಮುಗಿಸಿದವಳು ಅಂಚೆಗೆ ಹಾಕದೆ ಹೆಡ್ ಮತ್ತೆ ಬಿಚ್ಚಿದೆ. ಸೀಲ್ ಕಿತ್ತೆ. ಒಂದು ಅಳತೆ ದೊಡ್ಡ ರೀಮರ್ ತೆಗೆದುಕೊಂಡು, ಆಧಾರ ಕೊಡದೆ, ಬಲಮೊಣಕೈ ಆಕಾಶಕ್ಕೆತ್ತಿ, ನಾಲಿಗೆ ಕಚ್ಚಿಕೊಂಡು, ನಿನ್ನ ಹಾಗೆಯೇ ತಿರುಗಿಸಿದೆ. ನನ್ನ ಕೈ ಮೊದಲು ಒಪ್ಪಲಿಲ್ಲ, ನೇರಕ್ಕೇ ಹೋಗುತ್ತಿತ್ತು. ಹಟ ಹಿಡಿದು ಡೊಂಕು ಮಾಡಿದೆ. ಅಪ್ಪ ಕಲಿಸಿದ ಕೆಲಸವನ್ನು ಬೇಕೆಂದೇ ಕೆಡಿಸುವಾಗ ಅತ್ತೆ, ಆದರೆ ಕೆಡಿಸಿದೆ.

ಇವತ್ತು ಸಂಜೆ ಇಳಿಜಾರಿನಲ್ಲಿ ಜಾರಿ ಬಂದೆ. ನಾನು ಬರುವುದನ್ನು ಕಂಡು ಟೈಲರಮ್ಮ ಏನೂ ಕೇಳದೆ ಬಿಳಿ ಬಟ್ಟೆಗಳನ್ನು ಒಳಗೆ ಎಳೆದುಕೊಂಡಳು. ಬಾಗಿಲ ಬಳಿ ಗುರ್ ಅನ್ನಿಸಿದೆ. ಒಂದು ಗುಕ್ಕು, ನೀಲಿ. ಮೇಲೆ ಹತ್ತಿ ಬರುವಷ್ಟರಲ್ಲಿ ಅಪ್ಪ ಗೋಡೆ ಹಿಡಿದು ನಿಂತಿದ್ದರು. ಬಿದ್ದುಬಿಡುವ ಹಾಗಿದ್ದರು, ಆದರೂ ನಿಂತಿದ್ದರು. ಮೂರು ತಟ್ಟೆ ಹಾಕಿದೆ. ಉಂಡರು.

ಸೊನ್ನೆ ಮಾಡಿಕೊಟ್ಟ ಇನ್ನೊಂದು ಗೈಡನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ನಿನ್ನ ಕೋಣೆಯಲ್ಲಿಟ್ಟಿದ್ದೇನೆ. ನಾನು ಅದನ್ನು ಮುಟ್ಟುವುದಿಲ್ಲ. ನೀನೇ ಬಂದು ಹಾಕು, ಈ ಸಲ ನೇರವಾಗಿ.

ಉಣ್ಣುವಾಗ ಅಪ್ಪ ಒಮ್ಮೆ ತಲೆ ಎತ್ತಿ, "ಮೊಂಡ ನಿಜವಾಗ್ಲೂ ಬಂದಿದಾನಾ?" ಅಂತ ಕೇಳಿದರು. ಇಷ್ಟು ದಿನ ಹಾಗೆ ಕೇಳಿದವರಲ್ಲ. ನಾನು ಅವರ ತಲೆಯ ಮೇಲೆ ಕೈಯಿಟ್ಟು, "ಹೂಂ ಅಪ್ಪಾ, ಬಂದಿದಾನೆ" ಅಂದೆ. ಅಕ್ಕನ್ನ ಸುಳ್ಳುಗಾತಿ ಮಾಡಬೇಡ ಕಣೋ.